ದಳವಾಯಿಯ ನೀರಿನ ಚೀಲ

ಕರಿಗಲ್ಲುದುರ್ಗ ಎಂಬ ಊರಿನಲ್ಲಿ ಗುರುಶಾಂತಪ್ಪ ಎಂಬ ಬಟ್ಟೆ ವ್ಯಾಪಾರಿ ಇದ್ದ. ವರ್ಷದಲ್ಲಿ ಒಂದು ದಿನ ಮಾತ್ರ ಅವನು ಬಟ್ಟೆ ವ್ಯಾಪಾರಿ ಆಗಿರುತ್ತಿರಲಿಲ್ಲ. ಆ ದಿನ ಅವನು ದಳವಾಯಿ ಕೆಂಚಣ್ಣ, ಅಂದರೆ ಹಳೆಯ ಕಾಲದ ಸೇನಾಪತಿ ಆಗಿರುತ್ತಿದ್ದ.

ಊರಿನ ಬೆನ್ನಿಗೆ ಒಂದು ಕಲ್ಲುಬೆಟ್ಟ, ಅದರ ಮೇಲೊಂದು ಕೋಟೆ. ಬಹಳ ಹಿಂದೆ ಶತ್ರುಗಳು ಆ ಕೋಟೆಗೆ ಮುತ್ತಿಗೆ ಹಾಕಿದಾಗ ಮೇಲಿನ ಬುರುಜು ಕಾಯುತ್ತಿದ್ದ ಸೈನಿಕರಿಗೆ ಕುಡಿಯುವ ನೀರು ಮುಗಿದುಹೋಯಿತಂತೆ. ಮೆಟ್ಟಿಲ ದಾರಿ ಶತ್ರುಗಳ ಕೈಯಲ್ಲಿತ್ತು. ಆಗ ಕೆಂಚಣ್ಣ ಮೇಕೆ ಚರ್ಮದ ಚೀಲದ ತುಂಬ ನೀರು ಹೊತ್ತು, ಬಂಡೆಯಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಹತ್ತಿಹೋದ. ತಾನು ಒಂದು ಹನಿಯೂ ಕುಡಿಯದೆ ಬುರುಜಿನವರಿಗೆಲ್ಲ ಬೊಗಸೆ ಬೊಗಸೆ ನೀರು ಹಾಕಿದ. ಸೈನಿಕರು ಮತ್ತೆ ಎದ್ದು ನಿಂತರು, ಕೋಟೆ ಉಳಿಯಿತು.

ಈ ಕಥೆಯನ್ನು ಊರಿನ ಕೋಟೆ ಬಳಗದವರು ವರ್ಷವರ್ಷವೂ ಅದೇ ಬೆಟ್ಟದ ಮೇಲೆ ಮಾಡಿ ತೋರಿಸುತ್ತಿದ್ದರು. ನಾಟಕ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಇದು ನಾಟಕವಲ್ಲ, ನಡೆದದ್ದನ್ನು ನಡೆದ ಹಾಗೆಯೇ ಮತ್ತೆ ನಡೆಸುವುದು ಅನ್ನುತ್ತಿದ್ದರು. ಅದಕ್ಕೆ ಅವರದೊಂದು ಗಟ್ಟಿ ಪದ್ಧತಿಯೂ ಇತ್ತು. ಬುರುಜಿನ ಸೈನಿಕರಾಗುವವರು ಆ ದಿನ ಸೂರ್ಯ ಹುಟ್ಟಿದ ಮೇಲೆ ನೀರು ಮುಟ್ಟುವಂತಿಲ್ಲ, ಜೊತೆಗೆ ಒಯ್ಯುವಂತೆಯೂ ಇಲ್ಲ. ಮಧ್ಯಾಹ್ನ ದಳವಾಯಿ ಹೊತ್ತು ತರುವ ನೀರೇ ಅವರಿಗೆ ಮೊದಲ ನೀರು. ಮೊದಲ ಬೊಗಸೆ ಅಲ್ಲಿರುವವರಲ್ಲಿ ಎಲ್ಲರಿಗಿಂತ ಹಿರಿಯರಿಗೆ.

ಗುರುಶಾಂತಪ್ಪ ದಳವಾಯಿ ಆದಾಗ ನೋಡಬೇಕಿತ್ತು. ಹುರಿ ಮೀಸೆ, ಅಗಲ ಹಣೆ, ಗತ್ತಿನ ನಡಿಗೆ. ಕೈಮಗ್ಗದ ಬಟ್ಟೆ, ಕೈಯಲ್ಲೇ ಹೊಲಿದ ಅಂಗಿ. ಬಳಗದ ಎಲ್ಲರ ವೇಷಕ್ಕೂ ಅವನೇ ಯಜಮಾನ, ಅವನ ಕಣ್ಣು ತಪ್ಪಿಸಿ ಒಂದು ದಾರವೂ ಬೆಟ್ಟ ಹತ್ತುವಂತಿರಲಿಲ್ಲ. ಕೈಗಡಿಯಾರ ಕಟ್ಟಿದವರು ಬಿಚ್ಚಿಡಬೇಕು. ಕನ್ನಡಕ ಹಾಕಿದವರು ತಡವರಿಸಿಕೊಂಡು ನಡೆಯಬೇಕು. ಒಮ್ಮೆ ಸೋಮಲಿಂಗ ಎಂಬ ಗಟ್ಟಿಮುಟ್ಟಾದ ತರುಣ ಈಟಿ ಹಿಡಿದು ಬಂದ. ಅವನ ಅಂಗಿಯ ಒಳಗಡೆ, ಯಾರಿಗೂ ಕಾಣದ ಕಡೆ, ಒಂದು ಪ್ಲಾಸ್ಟಿಕ್ ಗುಂಡಿ ಇತ್ತು.

"ಕೆಂಚಣ್ಣನ ಕಾಲ್ದಾಗೆ ಪ್ಲಾಸ್ಟಿಕ್ ಇತ್ತೇನಪ್ಪಾ?" ಅಂದ ಗುರುಶಾಂತಪ್ಪ. "ಮನೆಗೆ ಹೋಗಿ ಗುಂಡಿ ಕಿತ್ತು, ಕಟ್ಟೋಕೆ ಕಸೆ ದಾರ ಹೊಲಿಸ್ಕೊಂಡು ಬಾ. ಇಲ್ಲಾಂದ್ರೆ ಕೆಳಗೆ ನಿಂತ್ಕೊಂಡು ನೋಡು."

ಪಾಪ, ಸೋಮಲಿಂಗ ಆ ವರ್ಷ ಕೆಳಗೇ ನಿಂತು ನೋಡಿದ.

ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಒಂದು ಗುಟ್ಟಿತ್ತು. ವರ್ಷಗಳು ಕಳೆದ ಹಾಗೆ ಅಂಗಡಿಯ ಗಾದಿಯ ಮೇಲೆ ಕೂತು ಕೂತು, ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತಿಂದು ತಿಂದು, ಅವನ ಹೊಟ್ಟೆ ಮುಂದೆ ಬಂದಿತ್ತು, ಮಂಡಿ ಹಿಂದೆ ಬಿದ್ದಿತ್ತು. ಚೀಲಕ್ಕೆ ಎರಡು ಕೊಡ ನೀರು ಹಿಡಿಯುತ್ತಿತ್ತು. ಅದನ್ನು ಹೊತ್ತು ಬಂಡೆ ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಆಗುವುದಿಲ್ಲ ಅಂತ ಹೇಳುವುದಕ್ಕೂ ಅವನಿಂದ ಆಗುತ್ತಿರಲಿಲ್ಲ. ಹೇಳಿದರೆ ದಳವಾಯಿ ಪಟ್ಟ ಕೈತಪ್ಪುತ್ತದಲ್ಲ!

ಅದಕ್ಕೆ ಒಂದು ಉಪಾಯ ಮಾಡಿದ. ಚೀಲಕ್ಕೆ ನೀರು ತುಂಬುವ ಬದಲು ಗಾಳಿ ಊದಿ ಬಾಯಿ ಕಟ್ಟಿದ. ನೋಡುವುದಕ್ಕೆ ತುಂಬಿದ ಚೀಲವೇ. ಬುರುಜಿಗೆ ಸ್ವಲ್ಪ ಕೆಳಗೆ ದಾರಿ ತಿರುಗುವ ಕಡೆ ಆನೆಯಷ್ಟು ದೊಡ್ಡದೊಂದು ಗುಂಡುಕಲ್ಲು ಇತ್ತು. ಅದರ ಹಿಂದೆ ನಿಂತವರು ಕೆಳಗಿನವರಿಗೂ ಕಾಣರು, ಮೇಲಿನವರಿಗೂ ಕಾಣರು. ಹಿಂದಿನ ದಿನವೇ ಅಂಗಡಿಯ ಆಳಿನ ಕೈಲಿ ಮೆಟ್ಟಿಲ ದಾರಿಯಿಂದ ಒಂದು ಪ್ಲಾಸ್ಟಿಕ್ ಕ್ಯಾನು ನೀರು ತರಿಸಿ ಅಲ್ಲಿ ಇಡಿಸುತ್ತಿದ್ದ. ಹೌದು, ಪ್ಲಾಸ್ಟಿಕ್ ಕ್ಯಾನೇ. ಗುಂಡುಕಲ್ಲಿನವರೆಗೆ ಗಾಳಿ ಹೊತ್ತು ಏದುಸಿರು ಬಿಡುತ್ತ ಬರುವುದು, ಅಲ್ಲಿ ಚೀಲಕ್ಕೆ ಒಂದಿಷ್ಟು ನೀರು ಸುರಿದುಕೊಳ್ಳುವುದು, ಮತ್ತೆ ಏದುಸಿರು ಬಿಡುತ್ತ ಬುರುಜು ಹತ್ತುವುದು. ಕೆಳಗೆ ಡೊಳ್ಳು, ಶಿಳ್ಳೆ, ಚಪ್ಪಾಳೆ. ಕೆಲವು ವರ್ಷ ಇದು ಸರಾಗವಾಗಿ ನಡೆಯಿತು.

ಆಮೇಲೆ ಒಂದು ವರ್ಷ ಬಿಸಿಲು ಎಂದಿಗಿಂತ ಜೋರಾಗಿತ್ತು. ಬಂಡೆ ಕಾದ ಹೆಂಚಾಗಿತ್ತು. ಗುರುಶಾಂತಪ್ಪ ಗುಂಡುಕಲ್ಲಿನ ಹಿಂದೆ ಬಂದು ನೋಡುತ್ತಾನೆ, ಕ್ಯಾನು ಅಡ್ಡ ಬಿದ್ದಿದೆ. ಮುಚ್ಚಳವನ್ನು ಕೋತಿಗಳು ಕಚ್ಚಿ ಕಿತ್ತುಹಾಕಿವೆ. ನೀರೆಲ್ಲ ಬಂಡೆಯ ಸಂದಿಗೆ ಇಳಿದುಹೋಗಿದೆ. ಒಂದು ದೊಡ್ಡ ಕೋತಿ ಅಲ್ಲೇ ಕೂತು ಇವನ ಮೀಸೆಯನ್ನೇ ನೋಡುತ್ತಿದೆ.

ಏನು ಮಾಡುವುದು? ವಾಪಸ್ ಇಳಿದರೆ ಊರೆಲ್ಲ ನೋಡುತ್ತದೆ. ಮೇಲೆ ಹೋದರೆ ಹಾಕಲು ನೀರಿಲ್ಲ. ಆದರೂ ಅವನು ಮೇಲಕ್ಕೇ ಹೋದ. ಯಾಕೆ ಹೋದನೋ ಅವನಿಗೇ ತಿಳಿಯದು.

ಬುರುಜಿನಲ್ಲಿ ಎಲ್ಲರೂ ಸಾಲಾಗಿ ನಿಂತು ಬೊಗಸೆ ಒಡ್ಡಿದ್ದರು. ತುಟಿ ಒಣಗಿ ಬಿಳಿಚಿಕೊಂಡಿದ್ದವು. ಸಾಲಿನ ಮೊದಲಿಗೆ ಮಾರಣ್ಣ. ಅವನು ನಿಜವಾದ ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು, ಎಪ್ಪತ್ತು ದಾಟಿದವನು. ಕೋಟೆ ಬಳಗ ಕಟ್ಟಿದವನೂ ಅವನೇ. ಗುರುಶಾಂತಪ್ಪ ಚೀಲದ ಬಾಯಿ ಬಿಚ್ಚಿ ಮಾರಣ್ಣನ ಬೊಗಸೆಗೆ ಬಗ್ಗಿಸಿದ. ಬುಸ್ ಅಂತ ಗಾಳಿ ಬಂತು.

ಮಾರಣ್ಣ ಒಂದು ಗಳಿಗೆ ಗುರುಶಾಂತಪ್ಪನ ಮುಖ ನೋಡಿದ. ಖಾಲಿ ಬೊಗಸೆಯನ್ನು ಬಾಯಿಗೆ ಎತ್ತಿ, ಗುಟುಕು ಗುಟುಕಾಗಿ ನುಂಗಿದಂತೆ ಮಾಡಿ, ಅಂಗೈಯಿಂದ ತುಟಿ ಒರೆಸಿಕೊಂಡ.

"ಹ್ಞೂಂ, ಮುಂದಿನೋರಿಗೆ ಹಾಕು," ಅಂದ.

ಅವನ ಪಕ್ಕ ದ್ಯಾಮಕ್ಕ ನಿಂತಿದ್ದಳು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು, ಜೋಳದ ಮೂಟೆಯನ್ನು ಒಬ್ಬಳೇ ಎತ್ತಿ ಇಡುವವಳು. ಅವಳೂ ಮಾರಣ್ಣನನ್ನು ನೋಡಿ ಹಾಗೆಯೇ ಮಾಡಿದಳು. ಸಾಲಿನವರೆಲ್ಲ ಒಬ್ಬರಾದ ಮೇಲೊಬ್ಬರು ಗಾಳಿ ಕುಡಿದರು. ಕೆಳಗೆ ಜನ ಕುಣಿದಾಡಿದರು. ಆ ವರ್ಷದ ಪ್ರದರ್ಶನ ಎಲ್ಲಕ್ಕಿಂತ ಚೆನ್ನಾಗಿತ್ತು, ಬಾಯಾರಿಕೆ ಎಷ್ಟು ನಿಜವಾಗಿ ಕಂಡಿತು ಅಂತ ಮಾತಾಡಿಕೊಂಡರು. ಕಾಣದೆ ಏನು ಮಾಡುತ್ತದೆ, ಇದ್ದದ್ದೇ ಅದು.

ಇಳಿಯುವಾಗ ಮೆಟ್ಟಿಲ ಮೇಲೆ ಮಾರಣ್ಣ ಕುಸಿದು ಬಿದ್ದ. ದ್ಯಾಮಕ್ಕ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಕೆಳಗೆ ತಂದಳು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಮುದುಕ ಕಣ್ಣುಬಿಟ್ಟ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು.

ಗುರುಶಾಂತಪ್ಪ ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂತ. ಅವನಿಗೆ ತಲೆ ಎತ್ತಲು ಆಗಲಿಲ್ಲ.

"ತಪ್ಪಾತು ಮಾರಣ್ಣ. ಇನ್ಮೇಲೆ ದಳವಾಯಿ ವೇಷ ನಾನು ಮುಟ್ಟಲ್ಲ," ಅಂದ.

"ನೀನು ಬಿಟ್ಟುಬಿಟ್ರೆ ಚೀಲ ತುಂಬ್ತೈತಾ?" ಅಂದ ಮಾರಣ್ಣ. ಅವನ ದನಿ ಇನ್ನೂ ಕುಗ್ಗಿತ್ತು. "ನೀನು ಓಡಿಹೋಗೋದೇನೋ ಸಲೀಸು. ಮುಂದಿನ ವರ್ಷ ಮೇಲೆ ನಿಲ್ಲೋರಿಗೆ ನೀರು ಯಾರು ತರ್ತಾರೆ, ಅದು ಹೇಳು ಮೊದಲು."

ಗುರುಶಾಂತಪ್ಪ ಎದ್ದು ಮನೆಗೆ ಬಂದ. ಆದರೆ ಆ ಮಾತು ಅವನ ಜೊತೆಗೇ ಬಂತು. ಊಟಕ್ಕೆ ಕೂತರೂ ಅದೇ, ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವಾಗಲೂ ಅದೇ. ಕೊನೆಗೆ ಬಳಗದವರನ್ನೆಲ್ಲ ಕರೆಸಿ, ಅವರ ಎದುರು ನಿಂತು, ಗಾಳಿಯ ಚೀಲದ ಕಥೆಯನ್ನೂ ಕ್ಯಾನಿನ ಕಥೆಯನ್ನೂ ಒಂದೂ ಮುಚ್ಚಿಡದೆ ಹೇಳಿಬಿಟ್ಟ. ಸೋಮಲಿಂಗ ತನ್ನ ಅಂಗಿಯ ಗುಂಡಿಯನ್ನು ನೋಡಿಕೊಂಡ.

"ಈಗ ಒಂದು ನೇಮ ಮಾಡಾಣ," ಅಂದ ಗುರುಶಾಂತಪ್ಪ. "ಪ್ರದರ್ಶನಕ್ಕೆ ಮುಂಚೆ ಒಂದು ದಿನ ಪರೀಕ್ಷೆ. ಎಲ್ಲರ ಎದುರಿಗೆ ಚೀಲಕ್ಕೆ ನೀರು ತುಂಬೋದು. ಯಾರು ಅದನ್ನ ಹೊತ್ಕೊಂಡು ಬುರುಜು ಮುಟ್ತಾರೋ ಅವರೇ ದಳವಾಯಿ. ನಾನೂ ಹತ್ತೀನಿ. ಆಗಲಿಲ್ಲ ಅಂದ್ರೆ ನಾನಲ್ಲ."

ಅಲ್ಲಿಂದ ಮುಂದೆ ಗುರುಶಾಂತಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಗರಡಿಮನೆಗೆ ಹೋದ. ದಂಡ ಹೊಡೆದ, ಬಸ್ಕಿ ಹೊಡೆದ. ಮೊದಲ ವಾರ ಮನೆಯ ಮೆಟ್ಟಿಲು ಹತ್ತಲೂ ಗೋಡೆ ಹಿಡಿಯಬೇಕಾಯಿತು. ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಮುಂದೆ ಹೋಗುವಾಗ ತಲೆ ಆ ಕಡೆ ತಿರುಗಿಸಿಕೊಂಡು ಹೋದ. ಕೊಡ ಹೊತ್ತು ಬೆಟ್ಟದ ಬುಡದಲ್ಲಿ ಓಡಾಡಿದ. ಮೊದಲು ಅರ್ಧ ಕೊಡ, ಆಮೇಲೆ ಒಂದು ಕೊಡ.

ಅವನ ಹೆಂಡತಿ ನೀಲಮ್ಮನಿಗೆ ಇದನ್ನು ನೋಡಿ ನಗು ತಡೆಯಲಾಗಲಿಲ್ಲ. "ನಲ್ಲಿ ಬಂದಾಗ ಒಂದು ಬಿಂದಿಗೆ ಒಳಗಿಡ್ರೀ ಅಂದ್ರೆ ಸೊಂಟ ನೋವು ಅಂತಿದ್ರಿ. ಬೆಟ್ಟಕ್ಕೆ ಹೊರೋಕೆ ಸೊಂಟ ಸರಿಹೋತಾ?"

"ಈಗಿಂದ ಮನೆ ನೀರೂ ನಾನೇ ಹೊರ್ತೀನಿ ಕಣೇ," ಅಂದ ಗುರುಶಾಂತಪ್ಪ. ಹೊತ್ತೂ ಹೊತ್ತ. ನೀಲಮ್ಮ ಆಮೇಲೆ ನಗಲಿಲ್ಲ, ಕೊಡ ಇಳಿಸುವಾಗ ಕೈ ಕೊಟ್ಟಳು. ಹೊಟ್ಟೆ ಕರಗಿತು, ಹೆಗಲು ಗಟ್ಟಿಯಾಯಿತು. ಮಂಡಿ ಮಾತ್ರ ಹಠ ಬಿಡಲಿಲ್ಲ, ನೋಯುತ್ತಲೇ ಇತ್ತು. ಗುರುಶಾಂತಪ್ಪನೂ ಹಠ ಬಿಡಲಿಲ್ಲ.

ಪರೀಕ್ಷೆಯ ದಿನ ಬಂತು. ಗುರುಶಾಂತಣ್ಣ ಇಷ್ಟು ಕಷ್ಟಪಟ್ಟಿರುವಾಗ ನಾವ್ಯಾಕೆ ಅಡ್ಡ ಬರಬೇಕು ಅಂತ ಬೇರೆ ಯಾರೂ ಹೆಸರು ಕೊಡಲಿಲ್ಲ. ಎಲ್ಲರ ಎದುರಿಗೆ ಎರಡು ಕೊಡ ನೀರು ಚೀಲಕ್ಕೆ ಇಳಿಯಿತು. ಗುರುಶಾಂತಪ್ಪ ಅದನ್ನು ಬೆನ್ನಿಗೆ ಹಾಕಿಕೊಂಡು ಮೊದಲ ಗುಳಿಗೆ ಕಾಲಿಟ್ಟ. ಕೋಲೂರಿಕೊಂಡು ನಿಂತಿದ್ದ ಮಾರಣ್ಣ ಕಣ್ಣಿಗೆ ಕೈ ಅಡ್ಡ ಇಟ್ಟು ನೋಡುತ್ತಿದ್ದ.

ಅರ್ಧ ದಾರಿ ಚೆನ್ನಾಗಿಯೇ ಹತ್ತಿದ. ಆಮೇಲೆ ಮಂಡಿ ನಡುಗತೊಡಗಿತು. ಚೀಲದಲ್ಲಿ ನೀರು ಆ ಕಡೆ ಈ ಕಡೆ ಹೊರಳಿ ಅವನನ್ನು ಹಿಂದಕ್ಕೆ ಎಳೆಯುತ್ತಿತ್ತು. ಗಾಳಿ ಹಾಗೆ ಎಳೆದಿರಲಿಲ್ಲ. ಹಲ್ಲು ಕಚ್ಚಿ ಗುಂಡುಕಲ್ಲಿನವರೆಗೆ ಬಂದ. ಅಲ್ಲಿಂದ ಬುರುಜು ಕೂಗಿದರೆ ಕೇಳುವಷ್ಟು ಹತ್ತಿರ. ಮುಂದಿನ ಗುಳಿಗೆ ಕಾಲಿಟ್ಟ, ಮಂಡಿ ಮಡಚಿಕೊಂಡಿತು. ಮತ್ತೆ ಇಟ್ಟ, ಮತ್ತೆ ಮಡಚಿಕೊಂಡಿತು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ಅವನು ಈಗ ಇರುವ ಜಾಗ ಯಾರಿಗೂ ಕಾಣದ ಜಾಗ. ಚೀಲದ ಬಾಯಿಯ ದಾರ ಕೈಗೇ ಸಿಗುತ್ತಿದೆ. ಸ್ವಲ್ಪ ಸಡಿಲಿಸಿ ಅರ್ಧ ನೀರು ಬಂಡೆಗೆ ಬಿಟ್ಟರೆ ಸಾಕು, ಆ ಬಿಸಿಲಿಗೆ ಒದ್ದೆಯೂ ಉಳಿಯುವುದಿಲ್ಲ. ಉಳಿದರ್ಧ ಹೊತ್ತು ಅವನು ಬುರುಜು ಮುಟ್ಟಬಲ್ಲ. ವರ್ಷವೆಲ್ಲ ಸುರಿಸಿದ ಬೆವರಿಗೆ ಫಲ ಸಿಗುತ್ತದೆ, ದಳವಾಯಿ ಪಟ್ಟ ಉಳಿಯುತ್ತದೆ. ಅರ್ಧ ನೀರಾದರೂ ಇರುತ್ತದಲ್ಲ, ಗಾಳಿಗಿಂತ ವಾಸಿ ಅಲ್ಲವೇ? ಗುರುಶಾಂತಪ್ಪನ ಕೈ ದಾರದವರೆಗೆ ಹೋಗಿದ್ದೂ ನಿಜ.

ಆದರೆ ಮೇಲೆ ನಿಲ್ಲುವವರ ಸಾಲು ಅವನ ಕಣ್ಣ ಮುಂದೆ ಬಂತು. ಅರ್ಧ ಚೀಲವಾದರೆ ಸಾಲಿನ ಅರ್ಧದವರೆಗೆ ಬರುತ್ತದೆ. ಆಮೇಲೆ ನಿಂತವರು? ಅವನು ದಾರ ಬಿಟ್ಟ. ಚೀಲವನ್ನು ಬಂಡೆಗೆ ಒರಗಿಸಿ, ಎಲ್ಲರಿಗೂ ಕಾಣುವ ಹಾಗೆ ಗುಂಡುಕಲ್ಲಿನ ಈಚೆ ಬಂದು ನಿಂತು ಕೂಗಿದ:

"ನನ್ನ ಕೈಲಾಗಲ್ಲ. ನೀರು ಒಂದು ಹನಿ ಚೆಲ್ಲಿಲ್ಲ, ಚೀಲ ಇಲ್ಲೈತೆ. ತಾಕತ್ತಿರೋರು ಯಾರಾದ್ರೂ ಬಂದು ಹೊತ್ಕೊಂಡು ಹೋಗ್ರಪ್ಪ."

ಕೆಳಗಿದ್ದ ತರುಣರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ದ್ಯಾಮಕ್ಕ ಸೀರೆ ಎತ್ತಿ ಕಚ್ಚೆ ಕಟ್ಟಿ ಬಂಡೆ ಹತ್ತಲು ಶುರುಮಾಡಿದ್ದಳು. ಗುಂಡುಕಲ್ಲಿಗೆ ಬಂದವಳು ಚೀಲವನ್ನು ತೆಗೆದುಕೊಂಡು ಮತ್ತೆ ಕೆಳಕ್ಕೇ ಇಳಿದಳು. ಗುರುಶಾಂತಪ್ಪ ಗಾಬರಿಯಾದ.

"ಎತ್ಲಾಗೆ ಹೊಂಟೆ ದ್ಯಾಮಕ್ಕ? ಬುರುಜು ಮೇಲೈತೆ."

"ಗೊತ್ತೈತಣ್ಣ. ಅರ್ಧ ದಾರಿ ನೀನು ಹೊತ್ತಿದ್ದನ್ನ ನಾನು ಹೊತ್ತೆ ಅಂತ ಹೇಳಕ್ಕಾಗಲ್ಲ. ಬುಡದಿಂದ್ಲೇ ಹತ್ತೀನಿ."

ಬುಡದಿಂದಲೇ ಹತ್ತಿದಳು. ನಿಧಾನವಾಗಿ, ಮೂಟೆ ಹೊರುವವರು ನಡೆಯುವ ಹಾಗೆ, ಒಂದು ಹೆಜ್ಜೆ ಗಟ್ಟಿಯಾದ ಮೇಲೆಯೇ ಇನ್ನೊಂದು ಎತ್ತಿ. ಗುಂಡುಕಲ್ಲಿನ ಹಿಂದೆ ಮರೆಯಾದಳು, ಈಚೆ ಬಂದಳು, ಬುರುಜು ಮುಟ್ಟಿದಳು. ಚೀಲ ಬಿಚ್ಚಿ ಬಗ್ಗಿಸಿದಳು. ನೀರು ಧಾರೆಯಾಗಿ ಬಿತ್ತು.

ಎಲ್ಲರೂ ಇಳಿದು ಕೆಳಗೆ ಸೇರಿದ ಮೇಲೆ ಸೋಮಲಿಂಗ ಬಾಯಿ ತೆರೆದ. "ಗುರುಶಾಂತಣ್ಣಾ, ಬೇಜಾರು ಮಾಡ್ಕೋಬ್ಯಾಡ. ಕೆಂಚಣ್ಣ ಗಂಡಸು. ಮೀಸೆ ಇದ್ದೋನು. ಒಂದು ಗುಂಡಿ ನಿಜವಲ್ಲ ಅಂತ ನನ್ನನ್ನ ವಾಪಸ್ ಕಳಿಸಿದೋನು ನೀನು. ಈಗ ದ್ಯಾಮಕ್ಕ ದಳವಾಯಿ ಆದ್ರೆ ಅದು ನಿಜವಾ?"

ಮಾತು ಸರಿಯಾಗಿಯೇ ಇತ್ತು. ಎಲ್ಲರೂ ಗುರುಶಾಂತಪ್ಪನ ಕಡೆ ನೋಡಿದರು. ಅವನು ಮಂಡಿ ನೀವಿಕೊಂಡ.

"ಕಳಿಸಿದ್ದು ಹೌದು. ಈ ವರ್ಷವೂ ಗುಂಡಿ ಇಟ್ಕೊಂಡು ಬಂದ್ರೆ ಈ ವರ್ಷವೂ ಕಳಿಸ್ತೀನಿ," ಅಂದ. ಎಲ್ಲರೂ ನಕ್ಕರು. "ಆದ್ರೆ ಕೇಳು. ದ್ಯಾಮಕ್ಕ ಹೆಂಗಸು ಅನ್ನೋದು ಊರಿಗೇ ಕಾಣ್ತೈತೆ. ದಳವಾಯಿ ವೇಷದಾಗೆ ಇರೋಳು ಗಿರಣಿ ದ್ಯಾಮಕ್ಕ ಅಂತ ನಾವೇ ಮೈಕಿನಾಗೆ ಹೇಳಾಣ. ಅದರಾಗೆ ಯಾರಿಗೂ ಮೋಸ ಇಲ್ಲ. ನನಗೆ ಮೀಸೆ ಇತ್ತು, ಗತ್ತು ಇತ್ತು, ಕೈಹೊಲಿಗೆ ಅಂಗಿ ಇತ್ತು, ಚೀಲದಾಗೆ ಗಾಳಿ ಇತ್ತು. ಅದು ಯಾರಿಗೂ ಕಾಣ್ಲಿಲ್ಲ ನೋಡು, ಅದೇ ಮೋಸ. ಮೀಸೆ ಬೇಕಂದ್ರೆ ಅಂಟಿಸ್ಬೋದಪ್ಪ, ಹೆಗಲು ಅಂಟಿಸಕ್ಕಾಗಲ್ಲ."

ಸೋಮಲಿಂಗ ತಲೆದೂಗಿದ. ಮಾರಣ್ಣ ಕೋಲನ್ನು ನೆಲಕ್ಕೆ ಕುಟ್ಟಿದ, ಅಲ್ಲಿಗೆ ತೀರ್ಮಾನವಾಯಿತು. ಮೀಸೆಯನ್ನು ಮಾತ್ರ ದ್ಯಾಮಕ್ಕ ಒಪ್ಪಲಿಲ್ಲ. ಬೆವರಿಗೆ ಕಿತ್ತು ಬಾಯಿಗೆ ಬರುತ್ತದೆ, ಬೇಡ ಅಂದಳು.

ಪ್ರದರ್ಶನದ ದಿನ ಗುರುಶಾಂತಪ್ಪನೇ ದ್ಯಾಮಕ್ಕನ ತಲೆಗೆ ಪೇಟ ಸುತ್ತಿದ, ಅಂಗಿಯ ಕಸೆಗಳನ್ನು ಒಂದೊಂದಾಗಿ ಎಳೆದು ನೋಡಿದ. ಹಾಗೆ ಮಾಡುವಾಗ ಅವನಿಗೆ ಸಂಕಟವಾಯಿತು. ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಎಷ್ಟೋ ವರ್ಷ ಅವನ ತಲೆಯ ಮೇಲಿದ್ದ ಪೇಟ ಅದು. ಗಂಟನ್ನು ಇನ್ನೊಂದು ಸಲ ಬಿಗಿದು, ಅವನು ಸೂರ್ಯ ಹುಟ್ಟುವ ಮೊದಲೇ ನಿಧಾನವಾಗಿ ಮೆಟ್ಟಿಲ ದಾರಿ ಹಿಡಿದು ಬುರುಜಿಗೆ ಹೋದ. ಆ ಸಲ ಅವನು ಬುರುಜಿನ ಸೈನಿಕ. ನಿಲ್ಲುವುದಕ್ಕೆ ಅವನ ಮಂಡಿ ಸಾಕಾಗುತ್ತಿತ್ತು.

ಬಿಸಿಲು ಏರಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಇಷ್ಟು ವರ್ಷ ಇವರೆಲ್ಲ ಇಲ್ಲಿ ಹೀಗೆ ನಿಂತಿರುತ್ತಿದ್ದರು ಅಂತ ಗುರುಶಾಂತಪ್ಪನಿಗೆ ಮೊದಲ ಸಲ ಗೊತ್ತಾಯಿತು. ಬೆಳಿಗ್ಗೆ ನೆನಪಿಗೆ ಬರುತ್ತಿದ್ದ ಪೇಟ, ಚಪ್ಪಾಳೆ ಎಲ್ಲ ಮರೆತೇಹೋದವು. ನೀರೊಂದೇ ನೆನಪಿತ್ತು. ಕೆಳಗೆ ಡೊಳ್ಳು ಬಡಿಯಲು ಶುರುವಾದಾಗ ಅವನು ಜನರನ್ನು ನೋಡಲಿಲ್ಲ, ಚೀಲವನ್ನು ನೋಡಿದ.

ದ್ಯಾಮಕ್ಕ ಬಂದಳು. ಮಾರಣ್ಣ ಆ ವರ್ಷ ಮೇಲೆ ಹತ್ತಿರಲಿಲ್ಲವಾದ್ದರಿಂದ ಸಾಲಿನಲ್ಲಿ ಹಿರಿಯ ಗುರುಶಾಂತಪ್ಪನೇ. ಅವನು ಬೊಗಸೆ ಒಡ್ಡಿದ. ನೀರು ಬಿತ್ತು. ಬಿಸಿಲಿಗೆ ಬೆಚ್ಚಗಾಗಿತ್ತು, ಚರ್ಮದ ವಾಸನೆ ಬರುತ್ತಿತ್ತು. ಕುಡಿದ. ಅವನ ಕಣ್ಣಲ್ಲಿಯೂ ನೀರು ಬಂತು. ದಳವಾಯಿಗೆ ಜಯವಾಗಲಿ ಎಂದು ಅವನು ಕೂಗಬೇಕಿತ್ತು. ಅದು ನೆನಪಿಗೇ ಬರಲಿಲ್ಲ.

"ಇನ್ನೊಂದು ಬೊಗಸೆ ಹಾಕು ತಾಯಿ," ಅಂದ.

"ಹಿಂದೆ ಇನ್ನೂ ಜನ ಅದಾರೆ, ಸರ್ಕೋ," ಅಂದಳು ದಳವಾಯಿ.

ಗುರುಶಾಂತಪ್ಪ ಸರಿದು ನಿಂತ. ನೀರು ಸಾಲಿನ ಕೊನೆಯವರೆಗೂ ಬಂತು.

ನೀತಿ: ವೇಷ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹೊರಬೇಕಾದ ಭಾರವನ್ನು ಹೊರದಿದ್ದರೆ ಅದು ಸುಳ್ಳೇ. ಕೈಲಾಗುವಂತೆ ದುಡಿದು ನೋಡಬೇಕು. ಆಗದಿದ್ದರೆ ಆಗದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಆಗುವವರ ಹೆಗಲಿಗೆ ಕೊಡಬೇಕು. ನಮ್ಮ ಪಟ್ಟ ಉಳಿಯುವುದು ಮುಖ್ಯವಲ್ಲ, ಬಾಯಾರಿ ನಿಂತವರಿಗೆ ನೀರು ಮುಟ್ಟುವುದು ಮುಖ್ಯ.